ನುಂಗಿದ ಮಾತ್ರೆ ರಕ್ತದಲ್ಲಿ ಎಷ್ಟು ಉಳಿದಿದೆ?

ಮಗ ಆರು ತಿಂಗಳಿಂದ ಕ್ಲೋಜಪಿನ್ (ಸ್ಕಿಜೋಫ್ರೇನಿಯಾದಂಥ ಮನೋರೋಗಕ್ಕೆ ಕೊಡುವ ಮಾತ್ರೆ) ತಗೊಂಡರೂ ಕಿವಿಯಲ್ಲಿ ದನಿಗಳು ನಿಂತಿಲ್ಲ, ಡಾಕ್ಟರು ರಕ್ತದಲ್ಲಿ ಔಷಧದ ಮಟ್ಟ ನೋಡಬೇಕು ಅಂತಾರೆ, ರಕ್ತ ಹೇಗೂ ಕೊಡ್ತಾನೇ ಇದೀವಲ್ಲ, ಮತ್ತೆ ಇದ್ಯಾಕೆ ಅಂತ ಕೇಳಿದ್ದೀರಿ.

ಈಗ ಕೊಡುತ್ತಿರುವ ರಕ್ತ ಬಿಳಿ ರಕ್ತಕಣ ಎಣಿಸೋಕೆ. ಕೆಲವರಲ್ಲಿ ಈ ಔಷಧ ಆ ಕಣಗಳನ್ನು ಅಪಾಯಕ್ಕೆ ಇಳಿಸುತ್ತದೆ. ಔಷಧ ಎಷ್ಟಿದೆ ಅನ್ನೋದು ಅದರಲ್ಲಿ ಗೊತ್ತಾಗಲ್ಲ. ಇದು ಬೇರೆ ಪರೀಕ್ಷೆ, ಮಾಡಿಸಿ.

ನನ್ನ ತಮ್ಮನಿಗೆ ದಿನಕ್ಕೆ 400 ಮಿಲಿಗ್ರಾಂ ಇತ್ತು. ಗುಣ ಕಾಣದಾಗ ಮನೆಯವರಿಗೆಲ್ಲ ಒಂದೇ ಗುಮಾನಿ, ಇವನು ಮಾತ್ರೆ ಉಗುಳ್ತಿದ್ದಾನೆ ಅಂತ. ನಾನಂತೂ ದಿನಾ ರಾತ್ರಿ ಅವನ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದೆ. ನೆನೆಸಿಕೊಂಡರೆ ಈಗಲೂ ನಾಚಿಕೆ. ವರದಿಯಲ್ಲಿ ಬಂದದ್ದು ಮಿಲಿಲೀಟರಿಗೆ 170 ನ್ಯಾನೋಗ್ರಾಂ. ಸಾಮಾನ್ಯವಾಗಿ 350 ದಾಟಿದ ಮೇಲೆ ಗುಣ ಕಾಣುವ ಸಂಭವ ಹೆಚ್ಚು. ಡಾಕ್ಟರು ಮೊದಲು ಕೇಳಿದ್ದೇ "ದಿನಕ್ಕೆ ಎಷ್ಟು ಸಿಗರೇಟು?" ಇಪ್ಪತ್ತಕ್ಕೆ ಕಮ್ಮಿ ಇರಲಿಲ್ಲ. ಸಿಗರೇಟಿನ ಹೊಗೆ (ನಿಕೋಟಿನ್ ಅಲ್ಲ, ಹೊಗೆ) ಕ್ಲೋಜಪಿನ್ ಒಡೆಯುವ ಲಿವರಿನ ಕಿಣ್ವವನ್ನು ಚುರುಕು ಮಾಡುತ್ತದೆ. ಪಾಪ, ಅವನು ನುಂಗುತ್ತಲೇ ಇದ್ದ, ಅದು ಒಳಗೇ ಬೇಗ ಖರ್ಚಾಗುತ್ತಿತ್ತು. ಮಾತ್ರೆ ತಪ್ಪಿಸಿದರೂ ಮಟ್ಟ ಇಳಿಯುತ್ತದೆ, ನಿಜ. ಆದರೆ ಬೈಯುವ ಮೊದಲು ಇಷ್ಟು ವಿಚಾರಿಸಬಹುದಿತ್ತು.

ಡೋಸು ನಿಧಾನವಾಗಿ ಏರಿಸಿದರು. ಮುಂದಿನ ಸಲ ರಕ್ತ ಕೊಡುವ ದಿನ ನಾನೇ ಎಡವಟ್ಟು ಮಾಡಿದೆ, ಅಭ್ಯಾಸಬಲದಿಂದ ಬೆಳಗಿನ ಮಾತ್ರೆ ಕೊಟ್ಟುಬಿಟ್ಟೆ. ಅಂಕಿ ಸುಳ್ಳೇ ಏರಿ ಬಂತು, ಮತ್ತೆ ಚುಚ್ಚಿಸಿಕೊಳ್ಳಬೇಕಾಯಿತು. ರಾತ್ರಿಯ ಮಾತ್ರೆಯಾಗಿ ಸುಮಾರು 12 ಗಂಟೆಗೆ, ಬೆಳಗಿನದು ನುಂಗುವ ಮೊದಲು ರಕ್ತ ತೆಗೆಯಬೇಕು. ಅದಕ್ಕೆ ಮುಂಚೆ ವಾರವಾದರೂ ಡೋಸು ಬದಲಾಗಿರಬಾರದು. ಸರಿಯಾಗಿ ತೆಗೆದಾಗ 430 ಇತ್ತು. ದನಿಗಳು ಪೂರ್ತಿ ಹೋಗಿಲ್ಲ, ಆದರೆ ಈಗ ಅವುಗಳ ಜೊತೆ ಜಗಳಕ್ಕೆ ನಿಲ್ಲದೆ ಊಟ ಮುಗಿಸುತ್ತಾನೆ.

ಮಗ ಸೇದುತ್ತಿದ್ದರೆ ಇನ್ನೊಂದು ಮಾತು. ಡಾಕ್ಟರಿಗೆ ಹೇಳದೆ ಸಿಗರೇಟು ಬಿಡಿಸಬೇಡಿ. ನಮ್ಮವನು ಒಮ್ಮೆ ಹಠ ಹಿಡಿದು ಬಿಟ್ಟ, ನಮಗೋ ಖುಷಿ. ವಾರದೊಳಗೆ ದಿಂಬೆಲ್ಲ ಜೊಲ್ಲು, ಮಧ್ಯಾಹ್ನವಾದರೂ ಏಳಲೊಲ್ಲ. ಅದೇ ಡೋಸಿಗೆ ಮಟ್ಟ 900 ದಾಟಿತ್ತು. 1000 ದಾಟಿದರೆ ಫಿಟ್ಸ್ ಭಯ ಇರುತ್ತದೆ, ಹಾಗಾಗಿ ತಕ್ಷಣ ಡೋಸು ಇಳಿಸಿದರು. ಜೋರು ಜ್ವರ, ಸೋಂಕು ಬಂದಾಗಲೂ ಹೀಗೆ ಏರುವುದುಂಟು. ಗೀಳು, ಖಿನ್ನತೆಗೆ ಕೊಡುವ ಫ್ಲೂವೋಕ್ಸಮಿನ್ ಅನ್ನೋ ಮಾತ್ರೆ ಜೊತೆಗೆ ಸೇರಿದರಂತೂ ಹಲವು ಪಟ್ಟು ಏರಬಹುದು.

ರಕ್ತ ಕೊಡುವಾಗ ಕೊನೆಯ ಮಾತ್ರೆ ನುಂಗಿದ ಹೊತ್ತು, ದಿನದ ಸಿಗರೇಟಿನ ಲೆಕ್ಕ ಎರಡನ್ನೂ ಚೀಟಿಯಲ್ಲಿ ಬರೆಸಿ.