ಪಾದ್ರಿಗಳು ಮುಂಚೂಣಿಗೂ ಹೋಗುತ್ತಿದ್ದರು, ಒಬ್ಬರ ಕತೆ ಹೇಳುತ್ತೇನೆ

ಅಮೆರಿಕಕ್ಕೆ ವಲಸೆ ಬಂದ ಪೋಲಿಷ್ ಕುಟುಂಬಗಳ ಪಾದ್ರಿಗಳು ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯುತ್ತಿದ್ದರಾ, ಇಲ್ಲ ಹಿಂದೆಯೇ ಉಳಿದು ಪ್ರಾರ್ಥನೆ ಮಾಡಿಸುತ್ತಿದ್ದರಾ ಎಂದು ಕೇಳಿದ್ದೀರಿ. ಎರಡೂ ಅಲ್ಲ. ಸೇನಾ ಪಾದ್ರಿಗಳು ಆಯುಧ ಹಿಡಿಯುವಂತಿರಲಿಲ್ಲ. ಆದರೆ ಎಷ್ಟೋ ಜನ ಸೈನಿಕರ ಜೊತೆ ಮುಂಚೂಣಿಗೇ ಹೋದರು.

ಇಗ್ನೇಷಿಯಸ್ ಮಾಟರ್ನೋವ್‌ಸ್ಕಿ ಅವರನ್ನೇ ನೋಡಿ. 1912ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿಯೋಕ್‌ನಲ್ಲಿ ಹುಟ್ಟಿದವರು. ಅದು ಕಾಗದದ ಗಿರಣಿಗಳ ಊರು, ಪೋಲೆಂಡಿನಿಂದ ಬಂದವರು ಅಲ್ಲಿ ಜಾಸ್ತಿ. ಫ್ರಾನ್ಸಿಸ್ಕನ್ ಪಾದ್ರಿಯಾಗಿದ್ದ ಇವರು ತಾವಾಗಿಯೇ ಸೇನೆ ಸೇರಿ, 82ನೇ ಏರ್‌ಬೋರ್ನ್ ಡಿವಿಷನ್ನಿನ ಪ್ಯಾರಾಟ್ರೂಪರ್‌ಗಳ ಜೊತೆಗಾರರಾದರು. ಅಂದರೆ ವಿಮಾನದಿಂದ ಇವರೂ ಹಾರಬೇಕು!

1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯ ಗುಟ್‌ವಿಲ್ ಎಂಬ ಸಣ್ಣ ಹಳ್ಳಿಯ ಹತ್ತಿರ ಇಳಿದರು. ಗಾಯಾಳುಗಳು ಬರುತ್ತಲೇ ಇದ್ದರು, ಜಾಗ ಸಾಲದು. ಆಗ ಇವರು ಬರಿಗೈಲಿ ಜರ್ಮನ್ನರ ಕಡೆಗೇ ನಡೆದರು. ಎರಡೂ ಕಡೆಯ ಗಾಯಾಳುಗಳಿಗೆ ಒಂದೇ ಆಸ್ಪತ್ರೆ ಮಾಡೋಣ ಎಂದು ಕೇಳುವುದಕ್ಕೆ. ಎಂಥ ಧೈರ್ಯ ಅಲ್ವಾ? ವಾಪಸ್ ಬರುವಾಗ ಗುಂಡು ಬಿತ್ತು. ವಯಸ್ಸು 32. ಆ ದಿನ ಸತ್ತ ಅಮೆರಿಕನ್ ಸೇನಾ ಪಾದ್ರಿ ಇವರೊಬ್ಬರೇ.

ಶವ ಮೂರು ದಿನ ರಸ್ತೆ ಬದಿಯಲ್ಲೇ ಇತ್ತು. ನನಗೆ ಇದನ್ನು ಓದುವುದೇ ಕಷ್ಟ. 1948ರಲ್ಲಿ ಅವರನ್ನು ತವರಿಗೆ ತಂದು, ಹೋಲಿಯೋಕ್ ಪಕ್ಕದ ಸೌತ್ ಹ್ಯಾಡ್ಲಿಯಲ್ಲಿ ಮಣ್ಣು ಮಾಡಿದರು. ಗುಟ್‌ವಿಲ್ ಜನ ಅವರಿಗೆ ಸ್ಮಾರಕ ಕಟ್ಟಿದ್ದಾರೆ. ಆ ಕಡೆ ಹೋದರೆ ಖಂಡಿತ ನೋಡಿ.