ರೊಟ್ಟಿ ಬಚ್ಚಿಡುವ ಹುಡುಗ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅಜ್ಜಿಯೊಬ್ಬರು 9 ವರ್ಷದ ಮೊಮ್ಮಗನನ್ನು ಸಲಹೆಗಾಗಿ ನನ್ನ ಬಳಿ ಕರೆತಂದಿದ್ದರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) "ಕಳ್ಳತನ ಕಲಿತಾನೆ ಮೇಡಂ. ರೊಟ್ಟಿ ತಗೊಂಡು ದಿಂಬಿನ ಕೆಳಗೆ ಇಡ್ತಾನೆ. ಬೂಷ್ಟು ಹಿಡಿದು ಇರುವೆ ಮುತ್ತಿದ್ರೂ ಬಿಸಾಕಕ್ಕೆ ಬಿಡಲ್ಲ. ಬೈದ್ರೆ ಕಲ್ಲಿನಂಗೆ ನಿಲ್ತಾನೆ."

ತಾಯಿ ತೀರಿಕೊಂಡ ಮೇಲೆ ಅಪ್ಪನ ಕುಡಿತ ಜಾಸ್ತಿಯಾಗಿತ್ತು. ಹೊರಗಿನಿಂದ ಚಿಲಕ ಹಾಕಿಕೊಂಡು ಹೋದರೆ ಬರುವುದು ಯಾವಾಗಲೋ. ಅಂಥ ಮಗು ರೊಟ್ಟಿ ಬಚ್ಚಿಡದೆ ಇನ್ನೇನು ಮಾಡುತ್ತೆ ಹೇಳಿ? ಅಜ್ಜಿ ಮನೆಯಲ್ಲಿ ಇವತ್ತು ಊಟ ಇದೆ ಅಂತ ಅವನಿಗೆ ಗೊತ್ತು. ನಾಳೆಯೂ ಇರುತ್ತೆ ಅನ್ನುವ ನಂಬಿಕೆ ಇನ್ನೂ ಬಂದಿಲ್ಲ. ಇನ್ನು ಮಾತಾಡದೆ ನಿಲ್ಲುವುದನ್ನು ಹಠ ಅಂದುಕೊಳ್ಳಬಾರದು. ಭಯ ಮೀರಿದಾಗ ಕೆಲವು ಮಕ್ಕಳು ಓಡುತ್ತಾರೆ, ಕೆಲವರು ಹೊಡೆಯಲು ಬರುತ್ತಾರೆ, ಕೆಲವರು ಹೀಗೆ ಮರಗಟ್ಟುತ್ತಾರೆ. ಆ ಹೊತ್ತಲ್ಲಿ ಬುದ್ಧಿಮಾತು ತಲೆಗೆ ಹೋಗಲ್ಲ.

ಅವನಿಗೇ ಅಂತ ಒಂದು ಡಬ್ಬಿ ಕೊಡಿ ಎಂದೆ. ಮಂಡಕ್ಕಿ, ಶೇಂಗಾ, ಬೆಲ್ಲ. ಯಾರನ್ನೂ ಕೇಳದೆ ತಿನ್ನಬಹುದು. ಖಾಲಿಯಾದರೆ ಮಾತಿಲ್ಲದೆ ತುಂಬಬೇಕು. ಎಷ್ಟೇ ಸಿಟ್ಟು ಬಂದರೂ ಕಿತ್ತುಕೊಳ್ಳುವಂತಿಲ್ಲ. "ಕದ್ದವನಿಗೇ ಡಬ್ಬಿ ತುಂಬಿ ಕೊಡ್ಬೇಕಾ?" ಎಂದರು ಅಜ್ಜಿ. ಒಂದು ತಿಂಗಳು ಮಾಡಿ ನೋಡಿ ಎಂದೆ.

ಇನ್ನೊಂದು ವಿಷಯಕ್ಕೆ ಜಾಸ್ತಿ ಹೊತ್ತು ಬೇಕಾಯಿತು. ಸಿಟ್ಟಲ್ಲಿ ಅವರು "ಬಾಲಮಂದಿರಕ್ಕೆ ಹಾಕ್ತೀನಿ ನೋಡು" ಅನ್ನುತ್ತಿದ್ದರು. ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವ ಮಾತೇ, ಅಲ್ವಾ? ಆದರೆ ಒಮ್ಮೆ ಕೈಬಿಡಿಸಿಕೊಂಡ ಮಗು ಅದನ್ನು ನಿಜ ಅಂತಲೇ ನಂಬುತ್ತೆ. ಆ ಮಾತು ಪೂರ್ತಿ ಬಿಡಿ ಎಂದೆ. ಕೆಲಸಕ್ಕೆ ಹೊರಡುವಾಗ ಎಷ್ಟು ಹೊತ್ತಿಗೆ ಬರುತ್ತೀರಿ ಹೇಳಿ, ಹೇಳಿದ ಹೊತ್ತಿಗೇ ಬನ್ನಿ. ತಡವಾದರೆ ಪಕ್ಕದ ಮನೆಗೆ ಫೋನ್ ಮಾಡಿ. ಹೊರಗಿನಿಂದ ಚಿಲಕ ಮಾತ್ರ ಹಾಕಬೇಡಿ. ಅವನು ಮರಗಟ್ಟಿದಾಗ ಪಕ್ಕದಲ್ಲಿ ಸುಮ್ನೆ ಕೂತು ನೀರು ಕೊಡಿ. ಅಪ್ಪನ ವಿಷಯ ಕೆದಕಬೇಡಿ, ಅವನೇ ಎತ್ತಿದರೆ ಕೇಳಿಸಿಕೊಳ್ಳಿ.

ಅಜ್ಜಿಯೂ ಸೋತಿದ್ದರು. ದಿನವಿಡೀ ಭಟ್ಟಿಯ ಕಾವು, ಮೇಲೆ ಮಗಳನ್ನು ಕಳೆದುಕೊಂಡ ಸಂಕಟ. ಮಕ್ಕಳ ರಕ್ಷಣೆಗಾಗಿ ಇರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಬರೆಸಿದೆ. 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದನ್ನು ಕೊನೆಯ ದಾರಿಯಾಗಿ ಇಟ್ಟಿದೆ.

ಮೊದಲ ವಾರ ಡಬ್ಬಿ ದಿನಕ್ಕೆ ಎರಡು ಸಲ ಖಾಲಿ, ಚಡ್ಡಿ ಜೇಬಲ್ಲೂ ಮಂಡಕ್ಕಿ. ಆಮೇಲೆ ಕಡಿಮೆಯಾಗುತ್ತಾ ಬಂತು. ಶಾಲೆಯಲ್ಲಿ ಯಾರಾದರೂ ದನಿ ಏರಿಸಿದರೆ ಈಗಲೂ ಮರಗಟ್ಟುತ್ತಾನೆ. ಮುಂದಿನ ವಾರ ಅವನ ಟೀಚರ್ ಬರಲು ಒಪ್ಪಿದ್ದಾರೆ.