ಕ್ರ್ಯಾಶ್ ಆಗಬೇಕಾದ ಪ್ರೋಗ್ರಾಂ ರೂಟ್ ಅಧಿಕಾರ ಕೊಟ್ಟುಬಿಡುವುದು ಹೇಗೆ?

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಸುಮಾರು ಜನಕ್ಕೆ ಸಾಮಾನ್ಯ ಅಕೌಂಟ್ ಇದೆ. ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಅಕೌಂಟ್‌ನ ಪಾಸ್‌ವರ್ಡ್ ಅವರಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ಬಫರ್ ಓವರ್‌ಫ್ಲೋ (ಡೇಟಾ ಇಡುವ ಮೆಮೊರಿ ಜಾಗ ಉಕ್ಕುವುದು) ಮೂಲಕ ಅವರು ರೂಟ್ ಆಗಬಹುದು ಅಂತಾರೆ. ಅಳತೆ ಮೀರಿದ ಡೇಟಾ ಕೊಟ್ಟರೆ ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ, ಅಷ್ಟೇ ಅಲ್ವಾ?

ಉತ್ತರ: ಎಷ್ಟೋ ಸಲ ಅಷ್ಟೇ ಆಗುತ್ತದೆ. ಆದರೆ ಉಕ್ಕಿದ ಡೇಟಾ ಎಲ್ಲಿ ಹೋಗಿ ಬೀಳುತ್ತದೆ ಅನ್ನುವುದನ್ನು ನೋಡಬೇಕು. ಒಂದು ಫಂಕ್ಷನ್ 64 ಬೈಟ್‌ನ ಬಫರ್ ಇಟ್ಟುಕೊಂಡಿದೆ ಅನ್ನಿ. ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಅನ್ನುವ ವಿಳಾಸವೂ ಅದೇ ಸ್ಟ್ಯಾಕ್‌ನಲ್ಲಿ (ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿಯಲ್ಲಿ), ಸ್ವಲ್ಪ ಆಚೆಗೇ ಇರುತ್ತದೆ. ಉದ್ದ ನೋಡದೆ 100 ಬೈಟ್ ಸುರಿದರೆ ಆ ವಿಳಾಸವೂ ಅಳಿಸಿಹೋಗಬಹುದು. ಸುಮ್ನೆ ಕಸ ಬಿದ್ದರೆ ಕ್ರ್ಯಾಶ್. ಲೆಕ್ಕ ಹಾಕಿ ಬೇರೆ ವಿಳಾಸ ಕೂರಿಸಿದರೆ, ಪ್ರೋಗ್ರಾಂ ದಾಳಿಕೋರ ಹೇಳಿದ ಕಡೆಗೆ ಹೋಗುತ್ತದೆ. 1988ರಲ್ಲಿ ತಾನಾಗಿಯೇ ಕಂಪ್ಯೂಟರ್‌ಗಳಿಗೆ ಹರಡಿದ ಮಾರಿಸ್ ವರ್ಮ್, ಯೂಸರ್‌ಗಳ ವಿವರ ತಿಳಿಸುವ ಫಿಂಗರ್ ಸೇವೆಯ 512 ಬೈಟ್‌ನ ಬಫರ್ ಉಕ್ಕಿಸಿದ್ದು ಹೀಗೇ.

ಈಗ ಅಧಿಕಾರದ ವಿಷಯ. ಕೆಲವು ಪ್ರೋಗ್ರಾಂಗಳನ್ನು ಯಾರೇ ಓಡಿಸಿದರೂ ಅವು ರೂಟ್ ಆಗಿಯೇ ಓಡುತ್ತವೆ. ಇವು ರೂಟ್ ಒಡೆತನದ ಸೆಟ್‌ಯುಐಡಿ ಪ್ರೋಗ್ರಾಂಗಳು. ಫೈಲ್ ಅನುಮತಿಯಲ್ಲಿ ಮಾಲೀಕನ ಎಕ್ಸ್ (ಓಡಿಸುವ ಅನುಮತಿ) ಇರುವ ಜಾಗದಲ್ಲಿ ಎಸ್ ಕಾಣುತ್ತದೆ. ಇಲ್ಲಿ ಇನ್‌ಪುಟ್ ಕೊಡುವವನು ಸಾಮಾನ್ಯ ಯೂಸರ್, ಕೆಲಸ ನಡೆಯುವುದು ರೂಟ್ ಹೆಸರಿನಲ್ಲಿ. ನನಗೆ ಜಾಸ್ತಿ ಭಯ ಆಗುವುದು ಈ ಜೋಡಿ ಕಂಡಾಗಲೇ.

2021ರ ಜನವರಿಯಲ್ಲಿ ಕ್ವಾಲಿಸ್ ಎಂಬ ಭದ್ರತಾ ಸಂಸ್ಥೆ ಸುಡೊದಲ್ಲಿ ಹೊರತೆಗೆದ ತಪ್ಪು ನೋಡಿ. ಸುಡೊ ಅಂದರೆ ರೂಟ್ ಹೆಸರಿನಲ್ಲಿ ಕಮಾಂಡ್ ಓಡಿಸಲು ಬಳಸುವ ಸೆಟ್‌ಯುಐಡಿ ಪ್ರೋಗ್ರಾಂ. ಅಲ್ಲಿ ಉಕ್ಕಿದ್ದು ಸ್ಟ್ಯಾಕ್ ಅಲ್ಲ, ಹೀಪ್ (ಬೇಕಾದಾಗ ಕೇಳಿ ಪಡೆಯುವ ಮೆಮೊರಿ). ಒಂದು ನಿರ್ದಿಷ್ಟ ಬಗೆಯಲ್ಲಿ ಓಡಿಸಿದಾಗ, ಆರ್ಗ್ಯುಮೆಂಟ್‌ನ (ಕಮಾಂಡ್ ಜೊತೆ ಕೊಡುವ ಪದದ) ಕೊನೆಯಲ್ಲಿ ಒಂದೇ ಒಂದು ಬ್ಯಾಕ್‌ಸ್ಲ್ಯಾಶ್ ಬಂದರೆ ಸಾಕಿತ್ತು. ಸುಡೊ ಅದನ್ನು ಬಿಟ್ಟು ಮುಂದಿನ ಅಕ್ಷರ ನಕಲು ಮಾಡುತ್ತಿತ್ತು. ಆ ಮುಂದಿನ ಅಕ್ಷರವೇ 'ಇಲ್ಲಿಗೆ ಮುಗಿಯಿತು' ಅನ್ನುವ ಸೊನ್ನೆ ಬೈಟ್! ಅದನ್ನೂ ದಾಟಿದ ಮೇಲೆ ನಿಲ್ಲಿಸುವವರು ಯಾರು? ಆಚೆಗಿದ್ದ ಡೇಟಾವನ್ನೂ ಓದಿ ಓದಿ ಸಣ್ಣ ಬಫರ್‌ಗೆ ತುಂಬುತ್ತಾ ಹೋಗುತ್ತಿತ್ತು. 2011ರ ಜುಲೈಯಲ್ಲಿ ಸೇರಿಕೊಂಡ ತಪ್ಪು ಅದು. ಸೋರ್ಸ್ ಕೋಡ್ ಎಲ್ಲರ ಕಣ್ಣೆದುರೇ ಇತ್ತು, ಆದರೂ ಪತ್ತೆಯಾಗಲು ಒಂಬತ್ತು ವರ್ಷದ ಮೇಲಾಯಿತು. ಸುಡೊ ಬಳಸಲು ಅನುಮತಿಯೇ ಇಲ್ಲದ ಯೂಸರ್ ಕೂಡ ಇದರಿಂದ ರೂಟ್ ಆಗಬಹುದಿತ್ತು.

ವಿಳಾಸಗಳನ್ನು ಪ್ರತಿ ಸಲ ಕಲಸಿ ಇಡುವುದು, ಸ್ಟ್ಯಾಕ್‌ನಲ್ಲಿ ಕಾವಲು ಬೈಟ್ ಇಡುವುದು ಒಳ್ಳೆಯ ತಡೆಗಳೇ. ಆದರೆ ಇಂಥ ತಡೆಗಳಿದ್ದ ಉಬುಂಟು 20.04, ಡೆಬಿಯನ್ 10ರಲ್ಲೂ ಕ್ವಾಲಿಸ್‌ನವರು ರೂಟ್ ಪಡೆದು ತೋರಿಸಿದರು. ಅದಕ್ಕೇ ನಾನು ಅಪ್‌ಡೇಟ್ ಜೊತೆಗೆ ಇನ್ನೊಂದು ಕೆಲಸ ಹೇಳುತ್ತೇನೆ: ಫೈಂಡ್ ಕಮಾಂಡ್‌ನಲ್ಲಿ -perm -4000 ಕೊಟ್ಟು ಎಲ್ಲ ಸೆಟ್‌ಯುಐಡಿ ಫೈಲ್‌ಗಳನ್ನು ಹುಡುಕಿ. ಯಾರೂ ಬಳಸದವುಗಳ ಸೆಟ್‌ಯುಐಡಿ ಬಿಟ್ (ಆ ಎಸ್ ಗುರುತು) ತೆಗೆಯಿರಿ. ಪಾಸ್‌ವರ್ಡ್ ಬದಲಿಸುವ ಪ್ರೋಗ್ರಾಂ ಮಾತ್ರ ಮುಟ್ಟಬೇಡಿ, ಯೂಸರ್‌ಗಳ ಕೆಲಸ ನಿಂತುಹೋಗುತ್ತದೆ. ಪ್ಯಾಕೇಜ್ ಅಪ್‌ಡೇಟ್ ಆದಾಗ ತೆಗೆದ ಬಿಟ್ ಮತ್ತೆ ಬಂದು ಕೂರಬಹುದು. ಹಾಗಾಗಿ ಪ್ರತಿ ಅಪ್‌ಡೇಟ್ ಆದ ಮೇಲೂ ಆ ಪಟ್ಟಿ ಇನ್ನೊಮ್ಮೆ ತೆಗೆದು ನೋಡಿ.